ಏಕಾದಶಿಯ ಮಾತ್ರೆ

– ಏಳಬೇಡಿ ಮೇಷ್ಟ್ರೇ, ಕೂತೇ ಇರಿ. ಮೊನ್ನೆ ಏನಾಯ್ತು ಅಂತ ಮೊದಲಿಂದ ಹೇಳಿ. ಅಮ್ಮಾವ್ರು ಫೋನಲ್ಲಿ ಅಳ್ತಾನೇ ಹೇಳಿದ್ರು, ನನಗೆ ಅರ್ಧ ತಿಳೀಲಿಲ್ಲ.

– ಅವತ್ತು ಏಕಾದಶಿ ಕಣಮ್ಮ. ನಲವತ್ತು ವರ್ಷದಿಂದ ನಿರಾಹಾರ ಇರ್ತೀನಿ, ನಿನಗೆ ಗೊತ್ತಲ್ಲ. ಸ್ನಾನ, ಸಂಧ್ಯಾವಂದನೆ ಮುಗಿಸಿ ಮಾತ್ರೆ ನುಂಗಿದೆ. ಊಟ ಬಿಟ್ಟರೂ ಔಷಧ ಬಿಡಬಾರದು ಅಂತ ನನ್ನ ಲೆಕ್ಕ. ಹನ್ನೊಂದು ಗಂಟೆ ಹೊತ್ತಿಗೆ ಪೇಪರ್ ಓದ್ತಾ ಕೂತಿದ್ದೆ, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತ ಹಾಗೆ ಕಂಡ್ವು. ಬೆನ್ನೆಲ್ಲ ಒದ್ದೆ. ಕೈ ನಡುಕ. ಇವಳನ್ನ ಕರೆಯೋಣ ಅಂದ್ರೆ ಹೆಸರು ನಾಲಿಗೆಗೆ ಬರ್ತಿಲ್ಲ. ಮೂವತ್ತೆರಡು ವರ್ಷ ವ್ಯಾಕರಣ ಪಾಠ ಹೇಳಿದೋನು, ಹೆಂಡತಿ ಹೆಸರು ಹುಡುಕ್ತಾ ಕೂತಿದ್ದೆ. ಅದೇ ನನಗೆ ಹೆಚ್ಚು ಭಯ ಆಗಿದ್ದು.

– ಅಮ್ಮಾವ್ರು ಏನು ಕೊಟ್ರು?

– ಬಿ.ಪಿ. ಇಳಿದಿದೆ ಅಂದ್ಕೊಂಡು ಉಪ್ಪು ಹಾಕಿ ನೀರುಮಜ್ಜಿಗೆ ಕೊಟ್ಟಳು. ಆಮೇಲೆ ಪಕ್ಕದ ಮನೆ ಹುಡುಗ ಅವರಪ್ಪನ ಗ್ಲುಕೋಮೀಟರ್ ತಂದು ಬೆರಳು ಚುಚ್ಚಿ ನೋಡ್ದ. 48 ಇತ್ತು. ಸಕ್ಕರೆ ಡಬ್ಬ ತಂದು ಎರಡು ಚಮಚ ಬಾಯಿಗೆ ಹಾಕಿದ್ರು. ಇಪ್ಪತ್ತು ನಿಮಿಷ ಆದ್ಮೇಲೆ ನೋಡಿದ್ರೆ 52. ಕೊನೆಗೆ ಆ ಹುಡುಗನೇ ಮೆಡಿಕಲ್ ಸ್ಟೋರಿಗೆ ಓಡಿ ಗ್ಲೂಕೋಸ್ ಪುಡಿ ತಂದ. ಅದು ಕುಡಿದ ಮೇಲೆ ಲೋಕ ತಿಳಿಯಾಯ್ತು. ಸಕ್ಕರೆ ಇಳಿದವನಿಗೆ ಸಕ್ಕರೆ ತಿಂದರೂ ಏರಲಿಲ್ಲ ಅಂದ್ರೆ ಏನಮ್ಮ ಇದು?

– ಅದಕ್ಕೆ ಕಾರಣ ನಿಮ್ಮ ಮಾತ್ರೆಯ ಒಳಗೇ ಇರಬೇಕು. ಡಬ್ಬ ಕೊಡಿ ಇಲ್ಲಿ. ಇದು ಯಾವಾಗಿಂದ ತಗೊಳ್ತಿದ್ದೀರಿ?

– ಅದು ಹಳೇದು, ಬಹಳ ದಿನ ಆಯ್ತು. ಈ ನೀಲಿ ಸ್ಟ್ರಿಪ್ ನಾಲ್ಕು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್‌ಗೆ ಹೋದಾಗ ಕೊಟ್ಟಿದ್ದು. ಶುಗರ್ ಜಾಸ್ತಿ ಇದೆ, ಇಳಿದ ಮೇಲೆ ಆಪರೇಷನ್ ಅಂದ್ರು. ಇಳೀತು, ಆಪರೇಷನ್ನೂ ಆಯ್ತು. ಚೆನ್ನಾಗಿದೆಯಲ್ಲ ಅಂತ ಮುಂದುವರಿಸಿದೆ.

– ಹಳೇದನ್ನ ಅವರಿಗೆ ತೋರಿಸಿದ್ರಾ?

– ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ. ಹೆಸರೇ ಬೇರೆ ಇದೆಯಲ್ಲ, ಬೇರೆ ಔಷಧ ಅಂದ್ಕೊಂಡೆ.

– ದೊಡ್ಡ ಅಕ್ಷರದಲ್ಲಿರೋದು ಕಂಪನಿ ಇಟ್ಟ ಹೆಸರು ಮೇಷ್ಟ್ರೇ. ಔಷಧದ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತೆ. ಕನ್ನಡಕ ಹಾಕ್ಕೊಳ್ಳಿ, ನೀವೇ ಓದಿ. ಹಳೇದರಲ್ಲಿ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500, ವೋಗ್ಲಿಬೋಸ್ 0.2. ಒಂದೇ ಮಾತ್ರೆಯಲ್ಲಿ ಮೂರು ಔಷಧ. ಈಗ ನೀಲಿಯದು ಓದಿ.

– ಗ್ಲಿಮೆಪಿರೈಡ್ 2... ಮೆಟ್‌ಫಾರ್ಮಿನ್ 500. ಅಯ್ಯೋ, ಅದೇ ಇದು!

– ಅದೇ. ನಾಲ್ಕು ತಿಂಗಳಿಂದ ಎರಡರಷ್ಟು ನುಂಗ್ತಿದ್ದೀರಿ. ಏಕಾದಶಿ ಬಿಟ್ಟು ಉಳಿದ ದಿನ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನೋರಾದ್ದರಿಂದ ಇಷ್ಟು ದಿನ ಹೇಗೋ ನಡೀತು. ಇಂಥದ್ದನ್ನ ನಾನು ವಾರಕ್ಕೊಂದಾದ್ರೂ ನೋಡ್ತೀನಿ. ಎರಡು ಕಡೆ ಡಾಕ್ಟರು, ಎರಡು ಬ್ರ್ಯಾಂಡು, ಒಂದೇ ಔಷಧ. ಓದು ಬರಹ ಇಲ್ಲದವರಿಗೆ ಮಾತ್ರ ಹೀಗಾಗುತ್ತೆ ಅಂದ್ಕೊಂಡಿದ್ದೆ. ನಿಮ್ಮ ಮನೇಲೂ ಆಯ್ತಲ್ಲ ಅಂತ ಹೊಟ್ಟೆ ಉರೀತಿದೆ ನನಗೆ.

– ಸರಿ, ಬೈಬೇಡ. ಪಾಠ ಹೇಳು. ಈ ಮೂರರಲ್ಲಿ ನನ್ನನ್ನ ಬೀಳಿಸಿದ್ದು ಯಾವುದು?

– ಗ್ಲಿಮೆಪಿರೈಡ್. ಅದು ಮೇದೋಜ್ಜೀರಕ ಗ್ರಂಥಿಯನ್ನ ಒತ್ತಿ ಇನ್ಸುಲಿನ್ ಬಿಡಿಸುತ್ತೆ. ನೀವು ಉಂಡಿದ್ದೀರಾ ಇಲ್ಲವಾ ಅಂತ ಅದು ನೋಡೋದಿಲ್ಲ. ಉಂಡಿದ್ರೆ ಆ ಇನ್ಸುಲಿನ್‌ಗೆ ಕೆಲಸ ಇರುತ್ತೆ. ಉಣ್ಣದಿದ್ರೆ ರಕ್ತದಲ್ಲಿ ಮಿದುಳಿಗೆ ಅಂತ ಉಳಿದಿರೋ ಚೂರುಪಾರನ್ನೂ ಅದು ಎತ್ತಿಕೊಂಡು ಹೋಗುತ್ತೆ. ಹೆಂಡತಿ ಹೆಸರು ಬರದೇ ಇದ್ದದ್ದು ಅದಕ್ಕೇ. ನಾಲಿಗೆಗಲ್ಲ, ಮಿದುಳಿಗೆ ಆಹಾರ ಇರಲಿಲ್ಲ.

ಈ ಗುಂಪಿನ ಔಷಧ ಸಿಕ್ಕಿದ್ದೇ ಹಾಗೆ. 1942, ಯುದ್ಧದ ಕಾಲ. ಫ್ರಾನ್ಸಿನ ಮೊಂಪೆಲಿಯೆ ಊರಲ್ಲಿ ಮಾರ್ಸೆಲ್ ಜಾಂಬೋನ್ ಅನ್ನೋ ಡಾಕ್ಟರು ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಮಾತ್ರೆ ಕೊಟ್ಟು ನೋಡ್ತಿದ್ರು. ಜ್ವರದ ಮಾತು ಹಾಗಿರಲಿ, ಕೆಲವು ರೋಗಿಗಳು ಬೆವೆತು, ನಡುಗಿ, ಪ್ರಜ್ಞೆ ತಪ್ಪಿ ಬಿದ್ರು. ಕೆಲವರು ಸತ್ತೂ ಹೋದ್ರು. ಅದೇ ಊರಿನ ಒಗುಸ್ತ್ ಲುಬಾತಿಯೆ ಅನ್ನೋ ಸಂಶೋಧಕ ನಾಯಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ. ಮೇದೋಜ್ಜೀರಕ ಇದ್ದ ನಾಯಿಗೆ ಸಕ್ಕರೆ ಇಳಿಯುತ್ತೆ, ಅದನ್ನ ತೆಗೆದುಹಾಕಿದ ನಾಯಿಗೆ ಇಳಿಯೋದಿಲ್ಲ. ಅಂದ್ರೆ ಔಷಧ ಆ ಗ್ರಂಥಿಯ ಮೂಲಕವೇ ಕೆಲಸ ಮಾಡ್ತಿದೆ. ಅಲ್ಲಿಂದ ಬೆಳೆದ ವಂಶ ಇದು. 50ರ ದಶಕದಲ್ಲಿ ಟಾಲ್ಬುಟಮೈಡ್ ಬಂತು, ಆಮೇಲೆ ಗ್ಲಿಬೆನ್‌ಕ್ಲಮೈಡ್, 90ರ ದಶಕದಲ್ಲಿ ನಿಮ್ಮ ಗ್ಲಿಮೆಪಿರೈಡ್.

– ಟೈಫಾಯ್ಡಿನವರು ಊಟ ಬಿಟ್ಟಿರ್ತಾರೆ. ನಾನೂ ಬಿಟ್ಟಿದ್ದೆ. ಆ ವಾರ್ಡಲ್ಲಿ ಆದದ್ದೇ ಈ ಜಗಲಿ ಮೇಲೂ ಆಯ್ತು ಅನ್ನು.

– ಹೌದು ಮೇಷ್ಟ್ರೇ. ಅವರಿಗೆ ಗೊತ್ತಿರಲಿಲ್ಲ. ನಮಗೆ ಎಂಬತ್ತು ವರ್ಷದಿಂದ ಗೊತ್ತಿದೆ. ಗೊತ್ತಿದ್ದೂ ನಾವು ಡಾಕ್ಟರು ನಿಮ್ಮಂಥವರಿಗೆ ‘ಊಟಕ್ಕೆ ಮುಂಚೆ ಒಂದು’ ಅಂತಷ್ಟೇ ಬರೆದು ಕಳಿಸ್ತೀವಿ. ಊಟವೇ ಇಲ್ಲದ ದಿನ ಏನು ಮಾಡ್ಬೇಕು ಅಂತ ಒಂದು ವಾಕ್ಯ ಹೇಳೋದಿಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿ ಇರೋ ಮನೆ, ರಂಜಾನ್ ತಿಂಗಳು ಇರೋ ಮನೆ, ಶನಿವಾರ ಒಪ್ಪೊತ್ತು ಮಾಡೋ ಮನೆ. ಕೇಳಲೇಬೇಕಾದ ಪ್ರಶ್ನೆ ಅದು.

– ಸಕ್ಕರೆ ಯಾಕೆ ಹತ್ತಲಿಲ್ಲ ಅಂತ ಹೇಳ್ಲಿಲ್ಲ ನೀನು.

– ಮೂರನೇ ಔಷಧ, ವೋಗ್ಲಿಬೋಸ್. ಅನ್ನ, ಮುದ್ದೆ, ಚಪಾತಿ, ನಾವು ಕಾಫಿಗೆ ಹಾಕೋ ಸಕ್ಕರೆ, ಇವೆಲ್ಲ ಕೂಡಿಕೊಂಡಿರೋ ಅಣುಗಳು. ನೀವು ಸಂಧಿ ಬಿಡಿಸಿದ ಹಾಗೆ ಕರುಳು ಅವನ್ನ ಬಿಡಿಸಿದ ಮೇಲೇ ರಕ್ತಕ್ಕೆ ಸೇರೋದು. ವೋಗ್ಲಿಬೋಸ್ ಆ ಬಿಡಿಸೋ ಕೆಲಸವನ್ನ ನಿಧಾನ ಮಾಡುತ್ತೆ. ಊಟ ಆದ ಮೇಲೆ ಶುಗರ್ ಒಂದೇ ಸಲ ಏರಬಾರದು ಅಂತ. ಹೊಟ್ಟೆ ಉಬ್ಬರ, ಗ್ಯಾಸ್ ಬರೋದೂ ಅದರಿಂದಲೇ, ಒಡೆಯದೆ ಉಳಿದದ್ದು ಕೆಳಗಿನ ಕರುಳಲ್ಲಿ ಹುಳಿಯುತ್ತೆ. ಅವತ್ತು ನಿಮ್ಮ ಬಾಯಿಗೆ ಹಾಕಿದ ಸಕ್ಕರೆ ಕರುಳಲ್ಲಿ ಒಡೆಯದೆ ಕೂತಿತ್ತು. ಗ್ಲೂಕೋಸ್ ಪುಡಿ ಮೊದಲೇ ಒಡೆದದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಡ, ನೇರ ರಕ್ತಕ್ಕೆ ಹೋಯ್ತು. ಆ ಹುಡುಗ ಓಡಿದ್ದಕ್ಕೆ ನೀವು ಇವತ್ತು ಇಲ್ಲಿ ಕೂತಿದ್ದೀರಿ. ಅವನ ಹತ್ತಿರ ಮಾತಾಡಿ ಹೋಗ್ತೀನಿ ನಾನು.

ಅಮ್ಮಾವ್ರೇ, ನೀವೂ ಕೇಳಿಸ್ಕೊಳ್ಳಿ. ಒಂದು ಗ್ಲೂಕೋಸ್ ಪ್ಯಾಕೆಟ್ ಯಾವಾಗಲೂ ಮನೇಲಿರಲಿ. ಶುಗರ್ 70ಕ್ಕಿಂತ ಕೆಳಗೆ ಬಂದ್ರೆ ಮೂರು ಟೀ ಚಮಚ ತುಂಬ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ರೆ ಇನ್ನೊಂದು ಸಲ. ಏರಿತು ಅಂತ ಅಲ್ಲಿಗೇ ಬಿಡಬೇಡಿ, ಈ ಮಾತ್ರೆ ಇಡೀ ದಿನ ಕೆಲಸ ಮಾಡುತ್ತೆ, ಸಂಜೆಗೆ ಮತ್ತೆ ಇಳಿಸಬಹುದು. ಏನಾದ್ರೂ ತಿನ್ನಿಸಿ, ರಾತ್ರಿವರೆಗೂ ಆಗಾಗ ನೋಡ್ತಾ ಇರಿ. ಪ್ರಜ್ಞೆ ಇಲ್ಲದಿದ್ರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ. 108ಕ್ಕೆ ಫೋನ್ ಮಾಡಿ.

– ಒಂದು ಕೇಳ್ತೀನಿ. ಹೋದ ತಿಂಗಳು ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿದೆ. 6.2 ಬಂತು. ಫಸ್ಟ್ ಕ್ಲಾಸ್ ಅಂತ ಖುಷಿಪಟ್ಟೆ ನಾನು. ಅದೂ ತಪ್ಪಾ?

– ನಿಮಗೆ ಎಪ್ಪತ್ತನಾಲ್ಕು. ಈ ವಯಸ್ಸಿಗೆ, ಅದರಲ್ಲೂ ಗ್ಲಿಮೆಪಿರೈಡ್ ಮೇಲೆ ಇರೋರಿಗೆ, 6.2 ನೋಡಿದ್ರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ ಬರುತ್ತೆ. ಎಷ್ಟು ಸಲ ಸದ್ದಿಲ್ಲದೆ ಕೆಳಗೆ ಜಾರಿದೆಯೋ, ನಿದ್ದೇಲಿ ಎಷ್ಟು ಸಲ ಬೆವೆತಿದ್ದೀರೋ ಅಂತ. ಮೂವತ್ತೈದು ವರ್ಷದವನಿಗೆ 7ರ ಒಳಗೆ ಇಡಬೇಕು ಅಂತ ನಾನೇ ಹಟ ಹಿಡೀತೀನಿ, ಅವನ ಕಣ್ಣು, ಕಿಡ್ನಿ ಇನ್ನೂ ನಲವತ್ತು ವರ್ಷ ಬಾಳಬೇಕು. ನಿಮಗೆ 7, 7.5 ಇದ್ರೆ ಸಾಕು. ಇನ್ನೂ ವಯಸ್ಸಾದವರಿಗೆ, ಒಬ್ಬರೇ ಇರೋರಿಗೆ 8ರವರೆಗೂ ಒಪ್ಪುತ್ತೀವಿ. ಇದು ಜಾಸ್ತಿ ಬಂದಷ್ಟೂ, ಕಡಿಮೆ ಬಂದಷ್ಟೂ ಒಳ್ಳೇದು ಅನ್ನೋ ಅಂಕ ಅಲ್ಲ ಮೇಷ್ಟ್ರೇ. ಚಪ್ಪಲಿ ಅಳತೆ ಇದ್ದ ಹಾಗೆ, ಅವರವರ ಕಾಲಿಗೆ.

– ಮೆಟ್‌ಫಾರ್ಮಿನ್ ಬಗ್ಗೆ ಹೇಳು. ಅದನ್ನ ಎಲ್ಲರ ಚೀಟೀಲೂ ನೋಡ್ತೀನಿ.

– ಅದರ ಮೇಲೆ ನನಗೆ ಗೌರವ ಇದೆ. ನೀವು ಒಂದು ಸಲ ಕೇಳಿದ್ರಿ, ನೆನಪಿದೆಯಾ? ರಾತ್ರಿ ಎರಡೇ ಚಪಾತಿ ತಿಂದು ಮಲಗ್ತೀನಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ 160 ಬರುತ್ತೆ, ತಿನ್ನದೇ ಇದ್ದದ್ದು ಎಲ್ಲಿಂದ ಬಂತು ಅಂತ. ಲಿವರ್‌ನಿಂದ. ನಾವು ಮಲಗಿದ್ದಾಗ ಮಿದುಳಿಗೆ ಅಂತ ಲಿವರ್ ಗ್ಲೂಕೋಸ್ ತಯಾರಿಸಿ ಬಿಡ್ತಾನೇ ಇರುತ್ತೆ. ಸಾಕು ಅಂತ ಹೇಳೋದು ಇನ್ಸುಲಿನ್. ಈ ಕಾಯಿಲೇಲಿ ಲಿವರ್‌ಗೆ ಆ ಮಾತು ಸರಿಯಾಗಿ ಕೇಳಿಸೋದಿಲ್ಲ, ಬಿಡ್ತಾನೇ ಹೋಗುತ್ತೆ. ಮೆಟ್‌ಫಾರ್ಮಿನ್ ಆ ತೂಬನ್ನ ಬಿಗಿ ಮಾಡುತ್ತೆ. ಮೇದೋಜ್ಜೀರಕವನ್ನ ಒತ್ತೋದಿಲ್ಲ. ಹಾಗಾಗಿ ಅದೊಂದನ್ನೇ ತಗೊಳ್ಳೋರಿಗೆ ಶುಗರ್ ತೀರಾ ಇಳಿಯೋದು ಅಪರೂಪ.

ಅದರ ಮೂಲ ಒಂದು ಗಿಡ. ಯೂರೋಪಿನ ಗಲೀಗಾ, ನಮ್ಮ ಹುರುಳಿ, ಅಲಸಂದೆ ಜಾತಿಯದು. ಅದರಲ್ಲಿ ಸಕ್ಕರೆ ಇಳಿಸೋ ಗುಣ ಇತ್ತು, ವಿಷವೂ ಇತ್ತು. 1922ರಲ್ಲಿ ಡಬ್ಲಿನ್‌ನಲ್ಲಿ ಇಬ್ಬರು ರಸಾಯನ ವಿಜ್ಞಾನಿಗಳು ಅದೇ ಕುಲದ ಮೆಟ್‌ಫಾರ್ಮಿನ್ ತಯಾರಿಸಿದ್ರು. ಅದೇ ವರ್ಷ ಕೆನಡಾದಲ್ಲಿ ಇನ್ಸುಲಿನ್ ಮೊದಲ ಸಲ ಮನುಷ್ಯನಿಗೆ ಚುಚ್ಚಿದ್ದು. ಎಲ್ಲರ ಕಣ್ಣೂ ಆ ಕಡೆ ಇತ್ತು, ಇದು ಮೂಲೇಲಿ ಉಳೀತು. 1957ರಲ್ಲಿ ಪ್ಯಾರಿಸ್ಸಿನ ಜ್ಯಾನ್ ಸ್ಟರ್ನ್ ಅನ್ನೋ ಡಾಕ್ಟರು ರೋಗಿಗಳಿಗೆ ಕೊಟ್ಟು ಬರೆದ್ರು. ಅಮೆರಿಕದ ಅಂಗಡಿಗೆ ಬರೋಕೆ 1995 ಆಯ್ತು. ಯಾಕೆ ಅಂದ್ರೆ ಇದರ ದಾಯಾದಿ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆದಿತ್ತು. ಅದರ ಕೆಟ್ಟ ಹೆಸರು ಇದಕ್ಕೂ ಅಂಟ್ತು. ಕಿಡ್ನಿ ಸೋತವರಿಗೆ ಮೆಟ್‌ಫಾರ್ಮಿನ್ ಕೊಡಬಾರದು ಅನ್ನೋದು ಇವತ್ತಿಗೂ ಅದೇ ಭಯಕ್ಕೆ. ವರ್ಷಕ್ಕೊಂದು ಸಲ ಕ್ರಿಯಾಟಿನಿನ್ ನೋಡಿಸಿ ಅಂತ ನಾನು ಬೆನ್ನು ಹತ್ತೋದೂ ಅದಕ್ಕೇ.

– ಕೇಳೋಕೆ ಸಂಕೋಚ, ಆದರೂ ಕೇಳಿಬಿಡ್ತೀನಿ. ಆ ಮಾತ್ರೆ ಕೆಲವು ಸಲ ಮಲದಲ್ಲಿ ಹಾಗೇ ಇಡಿಯಾಗಿ ಬರುತ್ತೆ. ಕರಗ್ತಿಲ್ಲ ಅಂತ ನಾನು ಸ್ವಲ್ಪ ದಿನ ಪುಡಿ ಮಾಡಿ ತಗೊಂಡೆ.

– ಅಯ್ಯೋ, ಹಾಗೆ ಮಾಡಬೇಡಿ. ಹೆಸರಿನ ಮುಂದೆ ಎಸ್.ಆರ್. ಅಂತ ಇದೆ ನೋಡಿ, ಔಷಧ ನಿಧಾನಕ್ಕೆ ಬಿಡೋ ಹಾಗೆ ಮಾಡಿದ ಮಾತ್ರೆ. ಔಷಧ ಒಳಗೇ ಸೋರಿ ಹೋಗಿರುತ್ತೆ, ಬರೀ ಸಿಪ್ಪೆ ಹೊರಗೆ ಬರುತ್ತೆ. ಪುಡಿ ಮಾಡಿದ್ರೆ ಇಡೀ ದಿನದ್ದು ಒಂದೇ ಸಲ ಸುರಿಯುತ್ತೆ. ಇದಕ್ಕೆ ಹೆದರಿ ಎಷ್ಟೋ ಜನ ಮಾತ್ರೆ ಬಿಟ್ಟಿದ್ದಾರೆ. ಬಾಯಿಬಿಟ್ಟು ಕೇಳಿದವರು ನೀವೇ ಮೊದಲು.

ಪಾದ ಜೋಮು ಹಿಡಿಯುತ್ತೆ ಅಂತ ಹೇಳ್ತಿದ್ರಲ್ಲ, ಅದಕ್ಕೂ ಒಂದು ಮಾತು. ಸಕ್ಕರೆಯಿಂದ ನರ ಹಾಳಾದ್ರೂ ಜೋಮು ಬರುತ್ತೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡು ಬಿ12 ಇಳಿದ್ರೂ ಅದೇ ಜೋಮು ಬರುತ್ತೆ. ನೀವು ಮೊಟ್ಟೆ ಮಾಂಸ ಮುಟ್ಟದೋರು, ಹಾಲು ಮೊಸರೂ ಕಡಿಮೆ ಮಾಡಿದ್ದೀರಿ. ನಾಳೆ ರಕ್ತ ಕೊಟ್ಟು ಬಿ12 ನೋಡಿಸಿ. ಅದಾಗಿದ್ರೆ ಸರಿಪಡಿಸಬಹುದಾದ ಜೋಮು.

– ಆರು ವರ್ಷದ ಹಿಂದೆ ಅರ್ಧ ಮಾತ್ರೆಯಿಂದ ಶುರುವಾಗಿದ್ದು ಕಣಮ್ಮ. ಆಮೇಲೆ ಒಂದಾಯ್ತು, ಒಂದರಲ್ಲಿ ಎರಡು ಔಷಧ ಆಯ್ತು, ಮೂರಾಯ್ತು. ಪ್ರತಿ ಸಲ ಡಾಕ್ಟರು ಏರಿಸಿದಾಗ ತಲೆ ತಗ್ಗಿಸಿಕೊಂಡು ಬರ್ತೀನಿ. ಯುಗಾದಿ ಹೋಳಿಗೆ ತಿಂದೆ, ಅದಕ್ಕೇ ಅನ್ಸುತ್ತೆ. ಇವಳ ಮುಂದೆ ಚೀಟಿ ಮುಚ್ಚಿಟ್ಟಿದ್ದೂ ಉಂಟು.

– ಮೇಷ್ಟ್ರೇ, ಈ ಮಾತು ನನಗೆ ತುಂಬ ನೋವು ಕೊಡುತ್ತೆ. ಕೇಳಿ. ಬ್ರಿಟನ್ನಿನಲ್ಲಿ 1977ರಿಂದ ಇಪ್ಪತ್ತು ವರ್ಷ ಒಂದು ಅಧ್ಯಯನ ನಡೀತು, ಹೊಸದಾಗಿ ಕಾಯಿಲೆ ಕಾಣಿಸಿದ 5102 ಜನರನ್ನ ಸೇರಿಸಿಕೊಂಡು. 1998ರಲ್ಲಿ ಫಲಿತಾಂಶ ಬಂತು. ಸಕ್ಕರೆ ಹತೋಟಿಯಲ್ಲಿಟ್ಟವರಿಗೆ ಕಣ್ಣು, ಕಿಡ್ನಿಯ ತೊಂದರೆ ಕಾಲು ಭಾಗ ಕಡಿಮೆ. ದಪ್ಪ ಇದ್ದವರಲ್ಲಿ ಮೆಟ್‌ಫಾರ್ಮಿನ್ ತಗೊಂಡವರು ಹೆಚ್ಚು ಬದುಕಿದ್ರು. ಇನ್ನೊಂದೂ ಕಾಣಿಸ್ತು. ಕಾಯಿಲೆ ಪತ್ತೆಯಾದ ದಿನಕ್ಕೇ ಇನ್ಸುಲಿನ್ ತಯಾರಿಸೋ ಶಕ್ತಿ ಹೆಚ್ಚುಕಡಿಮೆ ಅರ್ಧ ಹೋಗಿರುತ್ತೆ. ಆಮೇಲೂ ವರ್ಷ ವರ್ಷ ಇಳೀತಾ ಹೋಗುತ್ತೆ. ಕಟ್ಟುನಿಟ್ಟಾಗಿ ಔಷಧ ತಗೊಂಡವರಲ್ಲೂ ಇಳೀತು. ಬಾವೀಲಿ ನೀರು ತಗ್ಗಿದ್ರೆ ಹಗ್ಗ ಉದ್ದ ಮಾಡ್ತೀವಿ. ಸೇದೋನ ತಪ್ಪು ಅದು ಅಂತ ಯಾರೂ ಅನ್ನೋದಿಲ್ಲ. ನಾಳೆ ಇನ್ಸುಲಿನ್ ಇಂಜೆಕ್ಷನ್ನೇ ಬೇಕಾದ್ರೂ ಅದು ಶಿಕ್ಷೆ ಅಲ್ಲ. ಹೋಳಿಗೆ ಅರ್ಧ ತಿನ್ನಿ, ಚೀಟಿ ಮಾತ್ರ ಮುಚ್ಚಿಡಬೇಡಿ.

– ಹಿತ್ತಿಲಲ್ಲಿ ಇನ್ಸುಲಿನ್ ಗಿಡ ಇದೆ, ದಿನಾ ಒಂದು ಎಲೆ ತಿಂತೀನಿ. ಅದನ್ನೂ ಹೇಳಿಬಿಟ್ಟೆ.

– ಹೇಳಿದ್ದು ಒಳ್ಳೇದಾಯ್ತು. ಆ ಎಲೇಲಿ ಇನ್ಸುಲಿನ್ ಇಲ್ಲ. ಇದ್ರೂ ಬಾಯಿಂದ ತಗೊಂಡ್ರೆ ಪ್ರಯೋಜನ ಇಲ್ಲ, ಇನ್ಸುಲಿನ್ ಒಂದು ಪ್ರೋಟೀನು, ಹೊಟ್ಟೆ ಅದನ್ನ ಬೇಳೆ ಜೀರ್ಣ ಮಾಡಿದ ಹಾಗೆ ಜೀರ್ಣ ಮಾಡಿಬಿಡುತ್ತೆ. ಅದಕ್ಕೇ ಅದನ್ನ ಚುಚ್ಚೋದು. ಗಿಡಗಳಲ್ಲಿ ಗುಣ ಇಲ್ಲ ಅಂತ ನಾನು ಹೇಳೋದಿಲ್ಲ. ಏಳನೇ ಕ್ಲಾಸಲ್ಲಿ ನೀವು ನಮ್ಮನ್ನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮಧುನಾಶಿನಿ ಎಲೆ ಅಗಿಸಿದ್ರಿ. ಆಮೇಲೆ ಬಾಯಿಗೆ ಹಾಕಿದ ಸಕ್ಕರೆ ಮರಳಿನ ಹಾಗಿತ್ತು. ನಾನು ಡಾಕ್ಟರಾಗಿದ್ದು ಆ ಎಲೆಯಿಂದಲೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಎಲೇಲಿ ಎಷ್ಟು ಔಷಧ ಇದೆ ಅಂತ ಅಳೆದು ಕೊಡೋಕಾಗಲ್ಲ, ಅದನ್ನ ನಂಬಿ ಮಾತ್ರೆ ಬಿಡಬೇಡಿ.

– ಹೊಸ ಮಾತ್ರೆಗಳು ಬಂದಿವೆಯಂತಲ್ಲ, ಉಚ್ಚೇಲಿ ಸಕ್ಕರೆ ಕಳಿಸೋವು?

– ಬಂದಿವೆ. ನಿಮಗೆ ಇದು ಇಷ್ಟ ಆಗುತ್ತೆ. ಕನ್ನಡದಲ್ಲಿ ಈ ಕಾಯಿಲೆಗೆ ಹಳೇ ಹೆಸರೇನು?

– ಸಿಹಿಮೂತ್ರ.

– ಮೂತ್ರದಲ್ಲಿ ಸಿಹಿ ಇರೋದೇ ಕಾಯಿಲೆಯ ಗುರುತು ಅಂತ ನಮ್ಮ ಹಳೇ ವೈದ್ಯರು ಇರುವೆ ಮುತ್ತೋದನ್ನ ನೋಡಿ ಹೇಳ್ತಿದ್ರು. ಈ ಮಾತ್ರೆ ಬೇಕೂಂತಲೇ ಮೂತ್ರವನ್ನ ಸಿಹಿ ಮಾಡುತ್ತೆ. ಕಿಡ್ನಿ ಸೋಸಿದ ಗ್ಲೂಕೋಸನ್ನ ವಾಪಸ್ ಎಳೆದುಕೊಳ್ಳೋ ದಾರಿ ಮುಚ್ಚುತ್ತೆ. ಇದರ ಮೂಲವೂ ಮರವೇ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಅನ್ನೋ ಕಹಿ ವಸ್ತು ತೆಗೆದ್ರು. 1886ರಲ್ಲಿ ಫಾನ್ ಮೆರಿಂಗ್ ಅನ್ನೋ ಜರ್ಮನ್ ವೈದ್ಯ ಅದು ಮೂತ್ರಕ್ಕೆ ಸಕ್ಕರೆ ಹೊರಡಿಸುತ್ತೆ ಅಂತ ತೋರಿಸಿದ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬರೋಕೆ. ಹೃದಯಕ್ಕೂ ಕಿಡ್ನಿಗೂ ಅವು ಕಾವಲು ಅಂತ 2015ರಿಂದ ಈಚೆ ಗೊತ್ತಾಗಿದೆ. ಎಂಪಾಗ್ಲಿಫ್ಲೋಜಿನ್ ಮಾತ್ರೆಗೆ ಮೊದಲು 60 ರೂಪಾಯಿ ಹತ್ತಿರ ಇತ್ತು. 2025ರ ಮಾರ್ಚಲ್ಲಿ ಪೇಟೆಂಟ್ ಮುಗಿದ ಮೇಲೆ 10, 15 ರೂಪಾಯಿಗೆ ಬಂತು. ಅದನ್ನ ಬರೆಯೋವಾಗ ಮೊದಲು ನನ್ನ ಕೈ ತಡೀತಿತ್ತು, ಈಗ ತಡೆಯೋದಿಲ್ಲ.

– ಹಾಗಾದ್ರೆ ನನಗೂ ಅದೇ ಬರಿ.

– ನಿಮಗೆ ಬೇಡ ಅನ್ಸುತ್ತೆ. ಇಡೀ ದಿನ ಉಪವಾಸ ಇರೋರಿಗೆ, ವಾಂತಿ ಭೇದಿ ಆದಾಗ, ಆಪರೇಷನ್‌ಗೆ ಮುಂಚೆ ಅದನ್ನ ನಿಲ್ಲಿಸಬೇಕು. ಇಲ್ಲದಿದ್ರೆ ರಕ್ತ ಆಮ್ಲವಾಗೋ ಅಪಾಯ ಇದೆ. ಮೂತ್ರದ ಜಾಗದಲ್ಲಿ ಫಂಗಸ್ ತುರಿಕೆಯೂ ಬರುತ್ತೆ. ನನಗೆ ನಿಮ್ಮ ವಿಷಯದಲ್ಲಿ ಬೇರೆ ಯೋಚನೆ ಇದೆ, ಸಿಟಾಗ್ಲಿಪ್ಟಿನ್. ನಾವು ಉಂಡಾಗ ಕರುಳು ಒಂದು ಹಾರ್ಮೋನು ಬಿಟ್ಟು ‘ಊಟ ಬಂತು’ ಅಂತ ಮೇದೋಜ್ಜೀರಕಕ್ಕೆ ಹೇಳಿ ಕಳಿಸುತ್ತೆ. ಆ ಹಾರ್ಮೋನು ಒಂದೆರಡು ನಿಮಿಷದಲ್ಲೇ ಒಡೆದು ಹೋಗುತ್ತೆ. ಈ ಮಾತ್ರೆ ಅದನ್ನ ಒಡೆಯೋದಕ್ಕೆ ಬಿಡೋದಿಲ್ಲ, ಸುದ್ದಿ ಇನ್ನಷ್ಟು ಹೊತ್ತು ನಿಲ್ಲುತ್ತೆ. ಊಟವೇ ಬರದಿದ್ರೆ ಹೇಳೋಕೆ ಸುದ್ದಿಯೂ ಇಲ್ಲ. ಏಕಾದಶಿ ದಿನ ಅದು ಬಹುಮಟ್ಟಿಗೆ ತೆಪ್ಪಗಿರುತ್ತೆ.

– ಉಂಡದ್ದು ಉಣ್ಣದ್ದು ನೋಡಿ ಕೆಲಸ ಮಾಡೋ ಮಾತ್ರೆ ಇದ್ದೂ ನನಗೆ ಇದನ್ನ ಕೊಟ್ಟಿದ್ದು ಯಾಕೆ?

– ಗ್ಲಿಮೆಪಿರೈಡ್ ಅಗ್ಗ, ಬೇಗ ಇಳಿಸುತ್ತೆ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಸಿಗುತ್ತೆ. ಅದರಿಂದ ಕಣ್ಣು ಉಳಿಸಿಕೊಂಡವರು ಲಕ್ಷಾಂತರ ಜನ, ಅದನ್ನ ನಾನು ಬೈಯೋದಿಲ್ಲ. ಸಿಟಾಗ್ಲಿಪ್ಟಿನ್ ದುಬಾರಿಯಾಗಿತ್ತು. 2022ರಲ್ಲಿ ಅದರ ಪೇಟೆಂಟೂ ಮುಗೀತು, ಈಗ ಜನೌಷಧಿ ಅಂಗಡೀಲೂ ಇದೆ. ಇನ್ನೊಂದು ಕಾರಣ, ನೀವು ಉಪವಾಸ ಮಾಡ್ತೀರಾ ಅಂತ ಯಾರೂ ಕೇಳಲಿಲ್ಲ.

ಇವತ್ತಿಗೆ ಇಷ್ಟು. ನೀಲಿ ಸ್ಟ್ರಿಪ್ ನಾನು ತಗೊಂಡು ಹೋಗ್ತೀನಿ. ಹಳೇದನ್ನ ತಿಂಡಿ ತಿನ್ನೋ ದಿನ ಮಾತ್ರ ತಗೊಳ್ಳಿ, ಬೆಳಿಗ್ಗೆ ಸಂಜೆ ಶುಗರ್ ನೋಡಿ ಬರೆದಿಡಿ. ನಿಮ್ಮ ಡಾಕ್ಟರಿಗೆ ನಾನೇ ಪತ್ರ ಬರೀತೀನಿ. ಕ್ರಿಯಾಟಿನಿನ್ ಬರಲಿ, ಬದಲಾಯಿಸೋದನ್ನ ಅವರೂ ನಾನೂ ಕೂತು ತೀರ್ಮಾನ ಮಾಡ್ತೀವಿ.

– ಉಪವಾಸ ಬಿಡು ಅಂತ ಹೇಳ್ತೀಯೇನೋ ಅಂತ ಕಾಯ್ತಿದ್ದೆ.

– ನಲವತ್ತು ವರ್ಷದ್ದನ್ನ ನಾನು ಬಿಡಿಸೋದಿಲ್ಲ. ಔಷಧ ಬದಲಾಗೋವರೆಗೆ ಮಾತ್ರ ನಿರಾಹಾರ ಬೇಡ, ಹಾಲು ಹಣ್ಣು ತಗೊಳ್ಳಿ. ಅವತ್ತು ಯಾವ ಮಾತ್ರೆ, ಯಾವುದು ಬೇಡ ಅಂತ ಹಿಂದಿನ ದಿನವೇ ಹೇಳ್ತೀನಿ. ಮುಂದಿನದು ಯಾವತ್ತು?

– ಪಂಚಾಂಗ ತಾರೇ ಸ್ವಲ್ಪ... ಈ ಗುರುವಾರ ಅಲ್ಲ, ಅದರಾಚೆ ಗುರುವಾರ. ಆ ಕೆಂಪು ಪೆನ್ನೂ ಕೊಡು. ಸ್ಟ್ರಿಪ್ ಮೇಲೆ ಬರೆದಿಡ್ತೀನಿ. ಗ್ಲಿಮೆಪಿರೈಡ್, ಮೇದೋಜ್ಜೀರಕ ಒತ್ತುತ್ತೆ. ಮೆಟ್‌ಫಾರ್ಮಿನ್, ಲಿವರ್ ತೂಬು. ವೋಗ್ಲಿಬೋಸ್...

– ಸಂಧಿ ಬಿಡಿಸೋದನ್ನ ತಡೆಯುತ್ತೆ.

– ಹ್ಞಾಂ, ಸಂಧಿ. ಬರೆದೆ. ನೋಡು, ಕಾಗುಣಿತ ಸರಿ ಇದೆಯಾ?

– ಇದೆ ಮೇಷ್ಟ್ರೇ. ಅಮ್ಮಾವ್ರೇ, ಆ ಗ್ಲೂಕೋಸ್ ಪ್ಯಾಕೆಟ್ ಅಡುಗೆಮನೆ ಮೇಲಿನ ಶೆಲ್ಫಲ್ಲಿ ಬೇಡ, ಇಲ್ಲೇ ಜಗಲಿ ಗೂಡಲ್ಲಿಡಿ. ಪಕ್ಕದ ಮನೆ ಹುಡುಗನಿಗೂ ಜಾಗ ತೋರಿಸಿ.